ಹಳದಿ ಇದೆಯಾ ಅಲ್ಲ, ಹಳದಿ ಎಲ್ಲಿದೆ? ಸಿಪಿಲೆಗಳನ್ನು ಗುರುತಿಸುವ ಬಗೆ

ಅಂಗಳದ ಹುಲ್ಲಿನ ಮೇಲೆ ಪುಟುಪುಟು ಓಡಾಡುತ್ತಾ, ನಿಂತಲ್ಲೆಲ್ಲ ಬಾಲವನ್ನು ಮೇಲೆ ಕೆಳಗೆ ಆಡಿಸುವ ತೆಳ್ಳನೆಯ ಹಕ್ಕಿ ಕಂಡರೆ ಅದು ಸಿಪಿಲೆ. ಕುಂಡೆಕುಸ್ಕ ಅಂತಲೂ ಕರೆಯುತ್ತಾರೆ. ಇಷ್ಟು ಹೇಳುವುದು ಸುಲಭ. ಯಾವ ಸಿಪಿಲೆ ಅಂತ ಕೇಳಿದಾಗಲೇ ತಕರಾರು ಶುರುವಾಗುವುದು. ಹೊಟ್ಟೆ ಹಳದಿಯಾದರೆ ಹಳದಿ ಸಿಪಿಲೆ, ಕಪ್ಪು ಬಿಳುಪಾದರೆ ಬಿಳಿ ಸಿಪಿಲೆ ಅಂತ ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದೇ ಜಾಸ್ತಿ. ವಯಸ್ಸು, ಋತು, ಗಂಡು ಹೆಣ್ಣು ಎಲ್ಲದಕ್ಕೂ ತಕ್ಕಂತೆ ಇವುಗಳ ಬಣ್ಣ ಬದಲಾಗುತ್ತದೆ. ಬಣ್ಣ ಯಾವುದು ಅನ್ನುವುದಕ್ಕಿಂತ ಅದು ಮೈಯ ಯಾವ ಜಾಗದಲ್ಲಿದೆ ಅನ್ನುವುದೇ ಇಲ್ಲಿ ಮುಖ್ಯ.

ಅತಿ ಹೆಚ್ಚು ಗೊಂದಲ ಆಗುವುದು ಬೂದು ಸಿಪಿಲೆಯಿಂದ. ಹೆಸರಿನಲ್ಲಿ ಬೂದು ಇದ್ದರೂ ಕಣ್ಣಿಗೆ ಮೊದಲು ಬೀಳುವುದು ಅದರ ಹಳದಿಯೇ. ನಿಂಬೆಹಣ್ಣಿನಂಥ ಗಾಢ ಹಳದಿ. ನೋಡಿದವರು ಸಹಜವಾಗಿ ಹಳದಿ ಸಿಪಿಲೆ ಅಂದುಬಿಡುತ್ತಾರೆ. ಆದರೆ ಚಳಿಗಾಲದ ಬೂದು ಸಿಪಿಲೆಯನ್ನು ಹತ್ತಿರದಿಂದ ನೋಡಿ. ಗಂಟಲು ಬಿಳಿ. ಎದೆಯ ಹಳದಿ ಮಾಸಲು. ಹಿಂದಕ್ಕೆ ಹೋದಂತೆ ಬಣ್ಣ ಗಟ್ಟಿಯಾಗುತ್ತದೆ, ಬಾಲದ ಬುಡದ ಕೆಳಗೆ ಎದ್ದು ಕಾಣುತ್ತದೆ. ಹಕ್ಕಿ ಬೆನ್ನು ತಿರುಗಿಸಿ ಹಾರಿದರೆ ಬಾಲದ ಬುಡದ ಮೇಲ್ಭಾಗದಲ್ಲೂ ಹಳದಿ ಮಿಶ್ರಿತ ಹಸಿರು ಮಿಂಚುತ್ತದೆ. ಬೆನ್ನು ಮಾತ್ರ ಅಪ್ಪಟ ಬೂದು. ಹಳದಿ ಸಿಪಿಲೆಯ ಬೆನ್ನು ಹಾಗಲ್ಲ, ಅದು ಸಾಮಾನ್ಯವಾಗಿ ಪಾಚಿ ಹಸಿರು. ಪ್ರಾಯದ ಗಂಡಿಗೆ ಗಂಟಲಿನಿಂದ ಬಾಲದಡಿಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಹಳದಿ ಇರುತ್ತದೆ.

ಬೆಳಕು ಸರಿಯಿಲ್ಲದಿದ್ದರೆ ಬೆನ್ನಿನ ಹಸಿರು, ಬೂದು ಎರಡೂ ಒಂದೇ ಥರ ಕಾಣುತ್ತವೆ. ಆಗ ಬಾಲ ನೋಡಿ. ಬೂದು ಸಿಪಿಲೆಯ ಬಾಲ ಮೈಗೆ ಹೋಲಿಸಿದರೆ ತೀರಾ ಉದ್ದ. ಅದನ್ನು ಆಡಿಸುವಾಗ ಹಕ್ಕಿಯ ಹಿಂದಿನ ಅರ್ಧವೇ ಕುಣಿದಂತೆ ಇರುತ್ತದೆ. ಹಳದಿ ಸಿಪಿಲೆಯ ಬಾಲ ಗಿಡ್ಡ, ಆಟವೂ ಕಡಿಮೆ. ಇದಕ್ಕಿಂತ ನಂಬಿಕೆಯ ಗುರುತು ಕಾಲು. ಬೂದು ಸಿಪಿಲೆಯ ಕಾಲು ನಸುಗೆಂಪು, ಹಳದಿ ಸಿಪಿಲೆಯದು ಕಪ್ಪು. ಹುಲ್ಲಿನಲ್ಲಿ ಕಾಲು ಮುಚ್ಚಿಹೋದರೆ ಅದು ಕಲ್ಲಿನ ಮೇಲೋ ಕಟ್ಟೆಯ ಮೇಲೋ ಬಂದು ನಿಲ್ಲುವವರೆಗೆ ಕಾಯಬೇಕಾಗುತ್ತದೆ, ಅಷ್ಟೇ. ಜಾಗವೂ ಸ್ವಲ್ಪ ಸುಳಿವು ಕೊಡುತ್ತದೆ. ಹರಿಯುವ ನೀರು, ಕಲ್ಲು, ನೆರಳು ಇರುವ ಕಡೆ ಬೂದು ಸಿಪಿಲೆ ಒಂಟಿಯಾಗಿ ಓಡಾಡುತ್ತದೆ. ಹಳದಿ ಸಿಪಿಲೆಗೆ ಬಯಲು ಬೇಕು. ಮೇಯುವ ದನಗಳ ಕಾಲ ಬಳಿ ಗುಂಪಾಗಿ ಸುತ್ತುತ್ತಾ, ಎದ್ದ ಹುಳುಗಳನ್ನು ಹಿಡಿಯುತ್ತವೆ. ಹಾಗಾಗಿ ಮನೆಯ ಹಿತ್ತಲಿನಲ್ಲಿ ಒಂದೇ ಒಂದು ಹಳದಿ ಹೊಟ್ಟೆಯ ಸಿಪಿಲೆ ಇದ್ದರೆ ನಾನಂತೂ ಮೊದಲು ಬೂದು ಸಿಪಿಲೆ ಅಂತಲೇ ಅಂದುಕೊಂಡು ಕಾಲು ನೋಡುತ್ತೇನೆ.

ಹಳದಿ ತಲೆಯ ಸಿಪಿಲೆ ಅಂತ ಇನ್ನೊಂದಿದೆ. ಪ್ರಾಯದ ಗಂಡಿಗೆ ತಲೆಯೆಲ್ಲ ಅರಿಶಿನ ಬಣ್ಣ, ಅದರಲ್ಲಿ ಸಮಸ್ಯೆಯಿಲ್ಲ ಅಂತ ಅನ್ನಿಸಬಹುದು. ಆದರೆ ಹಳದಿ ಸಿಪಿಲೆಯಲ್ಲೇ ಹಲವು ಉಪಜಾತಿಗಳಿವೆ. ಒಂದರ ತಲೆ ಬೂದು, ಇನ್ನೊಂದರದ್ದು ಕಡುಗಪ್ಪು, ಮತ್ತೊಂದರದ್ದು ಹಳದಿ! ಹಾಗಾಗಿ ತಲೆ ಬಿಟ್ಟು ರೆಕ್ಕೆ ನೋಡಬೇಕು. ಹಳದಿ ತಲೆಯ ಸಿಪಿಲೆಗೆ ಮಡಿಸಿದ ರೆಕ್ಕೆಯ ಮೇಲೆ ಎರಡು ಅಗಲವಾದ ಬಿಳಿ ಪಟ್ಟೆಗಳಿರುತ್ತವೆ. ಬೆನ್ನು ಬೂದು ಅಥವಾ ಕಪ್ಪು, ಹಸಿರಲ್ಲ. ಅದರ ಮರಿಗಳ ಕಥೆ ಬೇರೆ. ಮೊದಲ ಚಳಿಗಾಲದಲ್ಲಿ ಅವುಗಳ ಮೈಯಲ್ಲಿ ಹಳದಿಯೇ ಇರುವುದಿಲ್ಲ, ಬರೀ ಬೂದು ಬಿಳುಪು. ಆಗ ಕೆನ್ನೆ ನೋಡಿ. ಕಣ್ಣಿನ ಮೇಲಿನ ತಿಳಿ ಹುಬ್ಬು ಅಲ್ಲಿಗೇ ನಿಲ್ಲದೆ ಕೆನ್ನೆಯ ಹಿಂದಿನಿಂದ ಕೆಳಗೆ ಇಳಿದು ಕಪ್ಪಾದ ಕೆನ್ನೆಯನ್ನು ಸುತ್ತುವರಿಯುತ್ತದೆ. ಬಾಲದಡಿ ಬಿಳಿ. ಹಳದಿ ಸಿಪಿಲೆಯ ಮರಿಯಲ್ಲಿ ಈ ಸುತ್ತು ಪೂರ್ತಿಯಾಗುವುದಿಲ್ಲ.

ಕಪ್ಪು ಬಿಳುಪಿನ ಸಿಪಿಲೆಗಳು ಇಷ್ಟು ಸತಾಯಿಸುವುದಿಲ್ಲ. ಬಿಳಿ ಹುಬ್ಬಿನ ಸಿಪಿಲೆ ಸುಮಾರು 21 ಸೆಂಟಿಮೀಟರ್ ಉದ್ದ, ಸಿಪಿಲೆಗಳಲ್ಲೇ ದೊಡ್ಡದು. ತಲೆ, ಎದೆ, ಬೆನ್ನು ಕಪ್ಪು. ಮುಖದ ಮೇಲೆ ಬಿಳಿ ಅಂದರೆ ಕೊಕ್ಕಿನಿಂದ ಹೊರಟು ಕಣ್ಣಿನ ಮೇಲೆ ಹಾಯುವ ದಪ್ಪ ಹುಬ್ಬು ಮಾತ್ರ. ಬಿಳಿ ಸಿಪಿಲೆಗೆ ಹುಬ್ಬಲ್ಲ, ಹಣೆಯೇ ಬಿಳಿ. ಹೆಚ್ಚಿನ ಉಪಜಾತಿಗಳ ಬೆನ್ನು ಬೂದು. ಮಡಿವಾಳ ಹಕ್ಕಿಯೂ ಕಪ್ಪು ಬಿಳುಪೇ ಅಲ್ವಾ ಅನ್ನಬಹುದು. ಅದಕ್ಕೆ ಹುಬ್ಬಿಲ್ಲ, ಬಾಲವನ್ನು ಆಗಾಗ ನೆಟ್ಟಗೆ ಮೇಲಕ್ಕೆ ಎತ್ತುತ್ತದೆ, ನೆಲದ ಮೇಲೆ ಕುಪ್ಪಳಿಸುತ್ತದೆ. ಸಿಪಿಲೆ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತದೆ.

ಬಿಳಿ ಸಿಪಿಲೆಯ ಮರಿ ಮಾತ್ರ ಒಂದು ಚಿಕ್ಕ ತಂಟೆ ಮಾಡುತ್ತದೆ. ಮೊದಲ ಚಳಿಗಾಲದಲ್ಲಿ ಅದರ ಮುಖಕ್ಕೆ ತೆಳು ಹಳದಿ ಛಾಯೆ ಬಂದಿರುತ್ತದೆ. ಮುಖ ಮಾತ್ರ ನೋಡಿದವರು ಇದನ್ನೂ ಹಳದಿ ಸಿಪಿಲೆಗಳ ಪಟ್ಟಿಗೆ ಸೇರಿಸುತ್ತಾರೆ. ಹೊಟ್ಟೆ ಬಿಳಿ, ಎದೆಯ ಮೇಲೆ ಕಪ್ಪು ಅರ್ಧಚಂದ್ರ ಇದ್ದರೆ ಅದು ಬಿಳಿ ಸಿಪಿಲೆಯೇ.

ಕ್ಯಾಲೆಂಡರ್ ಕೂಡ ಒಳ್ಳೆಯ ಸಹಾಯಕ. ದಕ್ಷಿಣ ಭಾರತದ ಮಟ್ಟಿಗೆ ಬಿಳಿ ಹುಬ್ಬಿನ ಸಿಪಿಲೆ ವರ್ಷವಿಡೀ ಇಲ್ಲೇ ಇದ್ದು ಇಲ್ಲೇ ಗೂಡು ಕಟ್ಟುತ್ತದೆ. ಉಳಿದವು ಚಳಿಗಾಲದ ನೆಂಟರು. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದಿಂದ ಬಂದು ಬೇಸಿಗೆಯ ಹೊತ್ತಿಗೆ ಹೊರಡುತ್ತವೆ. ಜೂನ್ ತಿಂಗಳಲ್ಲಿ ಟೆರೇಸಿನ ಮೇಲೆ ಸಿಪಿಲೆ ಹಾಡುತ್ತಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಮರದ ನೆರಳಿನಲ್ಲಿ ಎಲೆಗಳ ಮೇಲೆ ನಡೆಯುತ್ತಾ ಬಾಲವನ್ನು ಅಕ್ಕಪಕ್ಕಕ್ಕೆ ಬೀಸುವ ಸಿಪಿಲೆ ಕಂಡರೆ ಅದೃಷ್ಟ. ಕಂದು ಬೆನ್ನು, ಎದೆಯ ಮೇಲೆ ಎರಡು ಕಪ್ಪು ಪಟ್ಟೆ ಇದ್ದರೆ ಅದು ಕಾಡು ಸಿಪಿಲೆ. ಬಾಲ ಹೀಗೆ ಅಡ್ಡಡ್ಡ ಆಡಿಸುವುದು ಇದೊಂದೇ.

ಎಲ್ಲ ನೋಡಿದರೂ ಬಗೆಹರಿಯದ ಹಕ್ಕಿಗಳೂ ಇವೆ. ಹಳದಿ ಸಿಪಿಲೆಯನ್ನು ಈಗ ಪಶ್ಚಿಮದ್ದು, ಪೂರ್ವದ್ದು ಅಂತ ಎರಡು ಜಾತಿಗಳಾಗಿ ವಿಂಗಡಿಸಿದ್ದಾರೆ. ಚಳಿಗಾಲದ ಹೆಣ್ಣು, ಮರಿಗಳಲ್ಲಿ ಇವೆರಡನ್ನು ಕಣ್ಣಿನಿಂದ ಬೇರೆ ಮಾಡುವುದು ಬಲು ಕಷ್ಟ. ಕೂಗಿನ ಧ್ವನಿಮುದ್ರಣವೋ ಡಿಎನ್‌ಎ ಪರೀಕ್ಷೆಯೋ ಬೇಕಾಗುತ್ತದೆ. ಅಂಥ ಹಕ್ಕಿಗೆ ನೋಟ್‌ಬುಕ್ಕಿನಲ್ಲಿ ಸುಮ್ನೆ ‘ಹಳದಿ ಸಿಪಿಲೆ’ ಅಂತಷ್ಟೇ ಬರೆದುಕೊಂಡರೆ ಸಾಕು.