ಜಾಲತಾಣಕ್ಕೆ ಚಿತ್ರ ಏರಿಸುವ ಮುನ್ನ: ಅಳತೆ, ಗುಣಮಟ್ಟ ಮತ್ತು ಸಂಕೋಚನ

ಚಿತ್ರದ ಕಡತವನ್ನು ಚಿಕ್ಕದಾಗಿಸಲು ಎರಡು ದಾರಿಗಳಿವೆ. ಒಂದು, ಚಿತ್ರದ ಉದ್ದಗಲವನ್ನು, ಅಂದರೆ ಪಿಕ್ಸೆಲ್‌ಗಳ ಸಂಖ್ಯೆಯನ್ನು ಇಳಿಸುವುದು. ಇನ್ನೊಂದು, ಇರುವ ಪಿಕ್ಸೆಲ್‌ಗಳನ್ನೇ ಹೆಚ್ಚು ಬಿಗಿಯಾಗಿ ಸಂಕೋಚಿಸುವುದು. ಹೊಸದಾಗಿ ಕಲಿಯುವವರು ಮೊದಲನೆಯದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಕೈಹಾಕುವುದೇ ಚಿತ್ರ ಕೆಡಲು ಮುಖ್ಯ ಕಾರಣವೆಂದು ನನಗೆ ಅನಿಸುತ್ತದೆ.

ಲೆಕ್ಕ ಹಾಕಿ ನೋಡೋಣ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 4000 × 3000 ಪಿಕ್ಸೆಲ್‌ಗಳದ್ದು. ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಹಿಡಿದರೆ ಒಟ್ಟು 36 ಎಂಬಿ ಆಗುತ್ತದೆ. ಫೋನಿನಿಂದ ನಮಗೆ ಸಿಗುವ ಜೆಪೆಗ್ (ಚಿತ್ರಗಳನ್ನು ಸಂಕೋಚಿಸಿ ಉಳಿಸುವ ಒಂದು ವಿಧಾನ) ಕಡತ ಇದರ ಒಂದು ಸಣ್ಣ ಪಾಲಷ್ಟೇ ಇರುವುದರಿಂದ, ಫೋನು ಅದನ್ನು ಆಗಲೇ ಒಮ್ಮೆ ಸಂಕೋಚಿಸಿದೆ ಎಂದು ತಿಳಿಯಬೇಕು. ಜಾಲಪುಟದಲ್ಲಿ ಬರಹದ ಅಂಕಣ 800 ಪಿಕ್ಸೆಲ್ ಅಗಲವಿದ್ದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಪಿಕ್ಸೆಲ್ ತುಂಬಿರುವ, ಅಂದರೆ ಹೆಚ್ಚು ಸಾಂದ್ರತೆಯ ಪರದೆಗಳನ್ನು ಗಮನದಲ್ಲಿಟ್ಟು ಅದರ ಎರಡರಷ್ಟು, ಅಂದರೆ 1600 ಪಿಕ್ಸೆಲ್ ಅಗಲ ಸಾಕು. 1600 × 1200ಕ್ಕೆ ಇಳಿಸಿದಾಗ ಪಿಕ್ಸೆಲ್‌ಗಳು ಆರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುತ್ತವೆ. ಆದರೂ ಓದುಗರಿಗೆ ಏನೂ ಕಳೆದಂತೆ ಕಾಣುವುದಿಲ್ಲ, ಏಕೆಂದರೆ ಆ ಹೆಚ್ಚುವರಿ ಪಿಕ್ಸೆಲ್‌ಗಳಿಗೆ ಪರದೆಯಲ್ಲಿ ಜಾಗವೇ ಇರಲಿಲ್ಲ.

ಇನ್ನು ಎರಡನೆಯ ದಾರಿ. ಜೆಪೆಗ್ ಆಗಿ ಉಳಿಸುವಾಗ ಎಷ್ಟು ಬಿಗಿಯಾಗಿ ಸಂಕೋಚಿಸಬೇಕೆಂದು ನಾವು ಹೇಳುವುದು 100ರವರೆಗಿನ ಗುಣಮಟ್ಟದ ಅಂಕಿಯಿಂದ. ಅದು ಏನು ಮಾಡುತ್ತದೆಂದು ತಿಳಿಯಲು ಜೆಪೆಗ್‌ನ ಒಳಗಿನ ಕೆಲಸವನ್ನು ಸ್ವಲ್ಪ ನೋಡಬೇಕು. 1992ರಲ್ಲಿ ಮಾನಕವಾದ ಈ ವಿಧಾನ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದ 64 ಬೆಲೆಗಳನ್ನು ಬೇರೆ 64 ಅಂಕಿಗಳಾಗಿ ಪರಿವರ್ತಿಸುತ್ತದೆ. ಅವುಗಳಲ್ಲಿ ಮೊದಲನೆಯದು ಆ ಚೌಕದ ಸರಾಸರಿ ಹೊಳಪನ್ನು ಹೇಳಿದರೆ, ಉಳಿದವು ನಿಧಾನದ ಏರಿಳಿತದಿಂದ ಹಿಡಿದು ಅತಿ ಸೂಕ್ಷ್ಮ ಏರಿಳಿತದವರೆಗಿನ ವಿವರಗಳನ್ನು ಹೇಳುತ್ತವೆ. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಈ ಗಣಿತವನ್ನು 1974ರಲ್ಲಿ ಪ್ರಕಟಿಸಿದವರು ನಾಸಿರ್ ಅಹಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಇವರಲ್ಲಿ ನಾಸಿರ್ ಅಹಮದ್ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿದವರು. ಅವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರಬೇಕಾದದ್ದು.

ಇಲ್ಲಿಯವರೆಗೆ ನಷ್ಟ ಹೆಚ್ಚೇನೂ ಇಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ, ಈ 64 ಅಂಕಿಗಳನ್ನು ಒಂದು ಕೋಷ್ಟಕದ ಅಂಕಿಗಳಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರುವಾಗ. ಜೆಪೆಗ್ ಕಡತ ತಯಾರಿಸಲು ಬಹಳಷ್ಟು ತಂತ್ರಾಂಶಗಳು ತಮ್ಮೊಳಗೆ ಬಳಸುವ ಲಿಬ್‌ಜೆಪೆಗ್ ಎಂಬ ಸಿದ್ಧ ತಂತ್ರಾಂಶದಲ್ಲಿ ಗುಣಮಟ್ಟ 50 ಎಂದಿಟ್ಟರೆ, ಹೊಳಪಿನ ಕೋಷ್ಟಕದ ಮೊದಲ ಅಂಕಿ 16, ಕೊನೆಯದು 99. ಗುಣಮಟ್ಟ 75ಕ್ಕೆ ಅವು 8 ಮತ್ತು 50 ಆಗುತ್ತವೆ. 90ಕ್ಕೆ 3 ಮತ್ತು 20. ಈಗ ಒಂದು ಚೌಕದ ಅತಿ ಸೂಕ್ಷ್ಮ ವಿವರದ ಅಂಕಿ 40 ಎಂದುಕೊಳ್ಳಿ. 90ರಲ್ಲಿ 40ನ್ನು 20ರಿಂದ ಭಾಗಿಸಿದರೆ 2 ಬರುತ್ತದೆ, ಚಿತ್ರ ತೆರೆದಾಗ ಅದನ್ನು ಅದೇ 20ರಿಂದ ಗುಣಿಸುವುದರಿಂದ ಮತ್ತೆ 40 ಆಗುತ್ತದೆ. 75ರಲ್ಲಿ 0.8 ಬಂದು 1ಕ್ಕೆ ಏರುತ್ತದೆ, ತೆರೆದಾಗ 50 ಸಿಗುತ್ತದೆ. 50ರಲ್ಲಿ ಬರುವುದು 0.4, ಅದು ಸೊನ್ನೆಯಾಗಿ, ಆ ವಿವರ ಶಾಶ್ವತವಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಗುಣಮಟ್ಟ 80 ಎಂದರೆ ಶೇಕಡಾ 80ರಷ್ಟು ಚಿತ್ರ ಉಳಿಯಿತು ಎಂದು ಅರ್ಥವಲ್ಲ; 100 ಎಂದಿಟ್ಟಾಗಲೂ ಪೂರ್ಣಾಂಕಕ್ಕೆ ತರುವ ಕೆಲಸ ನಡೆದೇ ನಡೆಯುತ್ತದೆ. ಒಂದು ತಂತ್ರಾಂಶದ 80 ಇನ್ನೊಂದರ 80ಕ್ಕೆ ಸಮವಾಗಿರಬೇಕೆಂದೂ ಇಲ್ಲ.

ಸಾಮಾನ್ಯ ಚಿತ್ರಗಳಿಗೆ 75ರಿಂದ 85ರವರೆಗಿನ ಅಂಕಿ ನನಗೆ ಸರಿಯೆನಿಸುತ್ತದೆ. ಪರೀಕ್ಷಿಸುವಾಗ ಚಿತ್ರವನ್ನು ನಿಜ ಅಳತೆಯಲ್ಲಿ ತೆರೆದು, ಆಕಾಶ ಅಥವಾ ಗೋಡೆಯಂತಹ ನುಣುಪು ಭಾಗಗಳಲ್ಲಿ ಚೌಕಗಳು ಕಾಣುತ್ತಿವೆಯೇ, ಕೂದಲು ಮತ್ತು ಸೀರೆಯ ನೇಯ್ಗೆ ಮೇಣ ಬಳಿದಂತೆ ಆಗಿದೆಯೇ ಎಂದು ನೋಡಬೇಕು.

ಒಮ್ಮೆ ಸಂಕೋಚಿಸಿದ ಜೆಪೆಗ್ ಅನ್ನು ತಿದ್ದಿ ಮತ್ತೆ ಜೆಪೆಗ್ ಆಗಿ ಉಳಿಸಿದರೆ ನಷ್ಟದ ಮೇಲೆ ನಷ್ಟ ಸೇರುತ್ತದೆ. ಹಾಗಾಗಿ ಮೂಲ ಕಡತವನ್ನು ಮುಟ್ಟದೆ ಬೇರೆ ಇಟ್ಟು, ಪ್ರತಿ ಸಲವೂ ಅದರಿಂದಲೇ ಹೊಸ ಪ್ರತಿ ಮಾಡಿಕೊಳ್ಳಬೇಕು. ಜಾಲತಾಣದ ವ್ಯವಸ್ಥೆಯೂ ತನ್ನದೇ ಸಂಕೋಚನ ನಡೆಸುತ್ತದೆ ಎಂಬುದನ್ನು ಮರೆಯಬಾರದು. ಜಾಲತಾಣ ನಡೆಸಲು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ತಾನು ತಯಾರಿಸುವ ಚಿಕ್ಕ ಅಳತೆಯ ಜೆಪೆಗ್ ಪ್ರತಿಗಳಿಗೆ 2016ರ 4.5ನೇ ಆವೃತ್ತಿಯಿಂದ 82ರ ಗುಣಮಟ್ಟ ಬಳಸುತ್ತದೆ, 2019ರ 5.3ನೇ ಆವೃತ್ತಿಯಿಂದ 2560 ಪಿಕ್ಸೆಲ್ ಮೀರಿದ ಚಿತ್ರವನ್ನು ಆ ಮಿತಿಗೆ ಇಳಿಸುತ್ತದೆ. ನಾವು ಮೊದಲೇ 60ಕ್ಕೆ ಇಳಿಸಿ ಕೊಟ್ಟರೆ, ಕೆಟ್ಟ ಪ್ರತಿಯೇ ಎರಡನೆಯ ಸಲ ಸಂಕೋಚನಗೊಳ್ಳುತ್ತದೆ. ಇಂತಹ ಕಡೆ ಉದ್ದಗಲ ಮಾತ್ರ ಇಳಿಸಿ, ಗುಣಮಟ್ಟವನ್ನು 90ರ ಆಸುಪಾಸಿನಲ್ಲಿಟ್ಟು ಏರಿಸುವುದು ಮೇಲು. ಜೆಪೆಗ್‌ನ ಬದಲು, 2010ರಲ್ಲಿ ಗೂಗಲ್ ಪ್ರಕಟಿಸಿದ ವೆಬ್‌ಪಿ ಎಂಬ ವಿಧಾನ ಸಾಮಾನ್ಯವಾಗಿ ಇನ್ನೂ ಚಿಕ್ಕ ಕಡತ ಕೊಡುತ್ತದೆ, ಇಂದಿನ ಬ್ರೌಸರ್‌ಗಳೆಲ್ಲ ಅದನ್ನು ತೆರೆಯುತ್ತವೆ.

ಕ್ಯಾಮೆರಾ ತಾನಾಗಿಯೇ ಬರೆದಿಡುವ, ಕಡತದೊಳಗೆ ಅಡಗಿರುವ ಎಕ್ಸಿಫ್ ಎಂಬ ಮಾಹಿತಿಯಲ್ಲಿ ಚಿತ್ರ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಇರಬಹುದು. ಮನೆಯ ಅಥವಾ ಮಕ್ಕಳ ಚಿತ್ರ ಏರಿಸುವ ಮುನ್ನ ಅದನ್ನು ತೆಗೆದುಹಾಕಲೇಬೇಕು.

ಅಕ್ಷರಗಳಿರುವ ಚಿತ್ರಗಳ ವಿಷಯವೇ ಬೇರೆ. ನಮ್ಮ ಕಣ್ಣು ಹೊಳಪಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲವಾದ್ದರಿಂದ, ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಉದ್ದದಲ್ಲೂ ಅಗಲದಲ್ಲೂ ಅರ್ಧಕ್ಕೆ ಇಳಿಸುತ್ತದೆ. ಮುಖ, ಮರಗಿಡಗಳ ಚಿತ್ರದಲ್ಲಿ ಇದು ತಿಳಿಯುವುದೇ ಇಲ್ಲ. ಆದರೆ ರಾಜ್ಯೋತ್ಸವದ ಪೋಸ್ಟರ್‌ನಲ್ಲಿ ಹಳದಿಯ ಮೇಲೆ ಕೆಂಪು ಅಕ್ಷರ ಬರೆದಾಗ ಅಂಚುಗಳಲ್ಲಿ ಬಣ್ಣ ಕದಡಿ, ಒತ್ತಕ್ಷರಗಳ ಸಣ್ಣ ಸುರುಳಿಗಳು ಮುಚ್ಚಿಕೊಳ್ಳುತ್ತವೆ. ಇಂತಹ ಪೋಸ್ಟರ್, ಪರದೆಚಿತ್ರ, ನಕ್ಷೆಗಳಿಗೆ ವಿವರ ಕಳೆಯದೆ ಸಂಕೋಚಿಸುವ ಪಿಎನ್‌ಜಿ ಎಂಬ ವಿಧಾನ ತಕ್ಕದ್ದು. ಬಣ್ಣಗಳು ಕೆಲವೇ ಇರುವುದರಿಂದ ಕಡತವೂ ಚಿಕ್ಕದಾಗಿಯೇ ಇರುತ್ತದೆ. ಸಾಧ್ಯವಿದ್ದಲ್ಲಿ ಅಕ್ಷರಗಳನ್ನು ಚಿತ್ರದೊಳಗೆ ಸೇರಿಸದೆ ಪುಟದಲ್ಲೇ ಪಠ್ಯವಾಗಿ ಇಡುವುದು ಇನ್ನೂ ಒಳ್ಳೆಯದು: ಆಗ ಅದು ಯಾವ ಅಳತೆಯಲ್ಲೂ ಸ್ಪಷ್ಟವಾಗಿರುತ್ತದೆ, ಹುಡುಕಾಟಕ್ಕೆ ಸಿಗುತ್ತದೆ, ಕಣ್ಣು ಕಾಣದವರ ಪರದೆ ಓದುವ ತಂತ್ರಾಂಶಕ್ಕೂ ದಕ್ಕುತ್ತದೆ.