ಒಂದು ಮನೆ ಸರಿಯುವ ಆಟ, ಪೂರ್ತಿ ಜಾರುವ ಆಟ

ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. ಬೆರಳಿನಿಂದ ಒಂದು ದಿಕ್ಕಿಗೆ ತಳ್ಳಿದರೆ ಅಂಕಿ ಬರೆದ ಬಿಲ್ಲೆಗಳೆಲ್ಲ ಆ ಕಡೆ ಸರಿಯುತ್ತವೆ. ಜೋಡಿ ಸಿಕ್ಕರೆ ಎರಡೂ ಸೇರಿ ಒಂದಾಗುತ್ತವೆ, ಅಂಕಿ ದೊಡ್ಡದಾಗುತ್ತದೆ. ಮನೆಗಳೆಲ್ಲ ತುಂಬಿ, ಯಾವ ಬಿಲ್ಲೆಯೂ ಅಲ್ಲಾಡದಂತಾದರೆ ಆಟ ಮುಗಿಯಿತು. ಇಷ್ಟು ಹೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು 2048. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಕೊನೇ ಬೆಂಚಿನಲ್ಲಿ ಕೂತು ಒಮ್ಮೆಯಾದರೂ ಆಡಿರುತ್ತೀರಿ, ಅಲ್ವಾ? ಆದರೆ ಅದಕ್ಕಿಂತ ಮೊದಲು ಹುಟ್ಟಿದ ಆಟ ಇನ್ನೊಂದಿದೆ. ಅದರ ಹೆಸರು ಥ್ರೀಸ್.

ಥ್ರೀಸ್ ಐಫೋನಿಗೆ ಬಂದದ್ದು 2014ರ ಫೆಬ್ರವರಿ 6ರಂದು. ನಿಯಮ ಕಟ್ಟಿದವರು ಆಶರ್ ವೋಲ್ಮರ್, ಚಿತ್ರ ಬರೆದವರು ಗ್ರೆಗ್ ವೋಲ್ವೆಂಡ್, ಸಂಗೀತ ಜಿಮ್ಮಿ ಹಿನ್ಸನ್ ಅವರದು. ವೋಲ್ಮರ್ ಮೊದಲ ಮಾದರಿಯನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ್ದರು. ಆಮೇಲೆ ಶುರುವಾಯಿತು ನೋಡಿ ತಿದ್ದುವ ಕೆಲಸ. ಬರೀ ಅಂಕಿ ಇದ್ದರೆ ಜನಕ್ಕೆ ಬೇಜಾರಾಗಬಹುದು ಎಂದು ಅಂಕಿಗಳ ಜಾಗದಲ್ಲಿ ಸುಶಿ ಇಟ್ಟು ನೋಡಿದರು, ಚೆಸ್ ಕಾಯಿಗಳನ್ನು ಇಟ್ಟು ನೋಡಿದರು, ಪ್ರಾಣಿಗಳನ್ನೂ ಇಟ್ಟು ನೋಡಿದರು. ಹೊಸ ನಿಯಮಗಳನ್ನು ಸೇರಿಸಿ, ಮತ್ತೆ ಕಿತ್ತು ಹಾಕಿದರು. ಕೊನೆಗೆ ಉಳಿದದ್ದು ಮೊದಲ ರಾತ್ರಿಯ ಮಾದರಿಗೆ ತೀರಾ ಹತ್ತಿರದ ಒಂದು ಸರಳ ಆಟ. ಒಟ್ಟು ಹಿಡಿದದ್ದು ಸುಮಾರು 14 ತಿಂಗಳು.

ಬಿಡುಗಡೆಯಾಗಿ ಮೂರು ವಾರಕ್ಕೆ ಚೀನಾದ ವೀವೋ ಸ್ಟುಡಿಯೋ 1024 ಎಂಬ ಆಟ ತಂದಿತು. ಅದರಿಂದ ಪ್ರೇರಣೆ ಪಡೆದು ಇಟಲಿಯ 19 ವರ್ಷದ ಹುಡುಗ ಗೇಬ್ರಿಯೆಲೆ ಚಿರುಲ್ಲಿ ಮಾರ್ಚ್‌ನಲ್ಲಿ ಒಂದು ವಾರಾಂತ್ಯದೊಳಗೆ 2048 ಬರೆದ. ಸುಮ್ನೆ ತನ್ನ ಕೈಯಲ್ಲಿ ಆಗುತ್ತದಾ ನೋಡೋಣ ಎಂದು. ದುಡ್ಡು ಕೇಳಲಿಲ್ಲ, ಕೋಡನ್ನೂ ಎಲ್ಲರಿಗೂ ತೆರೆದಿಟ್ಟ. ಒಂದು ವಾರದೊಳಗೆ 40 ಲಕ್ಷಕ್ಕೂ ಹೆಚ್ಚು ಜನ ಅದನ್ನು ಹುಡುಕಿಕೊಂಡು ಬಂದರು. ಕೋಡ್ ತೆರೆದಿದ್ದರಿಂದ ಅದರ ನಕಲಿಗೂ ನಕಲುಗಳು ಹುಟ್ಟಿದವು.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಆಟ. ಒಳಗಿನ ಗಣಿತ ಮಾತ್ರ ಬೇರೆ ಬೇರೆ.

2048ರಲ್ಲಿ ಎಡಕ್ಕೆ ತಳ್ಳಿದರೆ ಬಿಲ್ಲೆಗಳು ಗೋಡೆಗೆ ಬಡಿಯುವ ತನಕ ಜಾರುತ್ತವೆ. ಥ್ರೀಸ್‌ನಲ್ಲಿ ಒಂದೇ ಒಂದು ಮನೆ ಸರಿಯುತ್ತವೆ. ಇದು ಚಿಕ್ಕ ವ್ಯತ್ಯಾಸ ಅನಿಸಬಹುದು. ಆದರೆ ಪೂರ್ತಿ ಜಾರುವ ಆಟದಲ್ಲಿ ಪ್ರತಿ ತಳ್ಳುವಿಕೆಯೂ ಹಲಗೆಯನ್ನು ತಾನೇ ಗುಡಿಸಿ ಒಪ್ಪ ಮಾಡುತ್ತದೆ. ಕೆಳಗೆ, ಎಡಕ್ಕೆ, ಕೆಳಗೆ, ಎಡಕ್ಕೆ ಎಂದು ತಳ್ಳುತ್ತಾ ಹೋದರೆ ದೊಡ್ಡ ಬಿಲ್ಲೆ ಮೂಲೆಯಲ್ಲಿ ಕೂತುಬಿಡುತ್ತದೆ, ಚಿಕ್ಕವು ಅದರ ಪಕ್ಕ ಸಾಲಾಗಿ ಸೇರುತ್ತವೆ. ತಲೆ ಓಡಿಸದೆಯೂ ಸಾಕಷ್ಟು ದೂರ ಹೋಗಬಹುದು. ಒಂದು ಮನೆ ಮಾತ್ರ ಸರಿಯುವ ಆಟದಲ್ಲಿ ಈ ಉಪಾಯ ನಡೆಯುವುದಿಲ್ಲ. ನಡುವೆ ಖಾಲಿ ಮನೆ ಇದ್ದರೆ ಅದು ಹಾಗೇ ಉಳಿಯುತ್ತದೆ. ಎರಡು ಬಿಲ್ಲೆಗಳು ಸೇರಲು ಒಂದನ್ನು ಗೋಡೆಗೆ ಒತ್ತಿ ಹಿಡಿದು, ಇನ್ನೊಂದನ್ನು ಅದರ ಬೆನ್ನಿಗೆ ತರಬೇಕು. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಏನಾಗುತ್ತದೆ ಎಂದೂ ನೋಡಿಕೊಳ್ಳಬೇಕು.

ಇನ್ನೊಂದು ತೊಡಕು 1 ಮತ್ತು 2ರದು. ಥ್ರೀಸ್‌ನಲ್ಲಿ 1ಕ್ಕೆ 1 ಸೇರುವುದಿಲ್ಲ, 2ಕ್ಕೆ 2 ಸೇರುವುದಿಲ್ಲ. 1 ಮತ್ತು 2 ಸೇರಿದರೆ 3. ಅಲ್ಲಿಂದ ಮುಂದೆ 3ಕ್ಕೆ 3, 6ಕ್ಕೆ 6, 12ಕ್ಕೆ 12. 2048ರಲ್ಲಿ ಚಿಕ್ಕ ಬಿಲ್ಲೆ ಯಾವಾಗಲೂ ತನ್ನಂಥದ್ದೇ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಥ್ರೀಸ್‌ನಲ್ಲಿ ನಾಲ್ಕು 1ಗಳು ಒಟ್ಟಿಗೆ ನಿಂತರೆ, 2 ಬರುವ ತನಕ ಅವು ನಾಲ್ಕು ಮನೆ ಕೆಟ್ಟಂತೆ.

ಹಾಗಾದರೆ ಸಾಲಾಗಿ ಬರೀ 1 ಬರುತ್ತಾ ಹೋದರೆ? ಇಲ್ಲೇ ತಂಡದ ಜಾಣತನ ಇರುವುದು. ಚೌಕಾಬಾರದಲ್ಲಿ ಕವಡೆ ಎಸೆದಾಗ ಹಿಂದಿನ ಎಸೆತ ಅದಕ್ಕೆ ನೆನಪಿರುವುದಿಲ್ಲ. ತಂಬೋಲದ ಚೀಲದಲ್ಲಿ ಹಾಗಲ್ಲ. ಒಮ್ಮೆ ತೆಗೆದ ಅಂಕಿ ಮತ್ತೆ ಬರುವುದಿಲ್ಲ. ಥ್ರೀಸ್ ತಂಬೋಲದ ದಾರಿ ಹಿಡಿದಿದೆ. ನಾಲ್ಕು 1, ನಾಲ್ಕು 2, ನಾಲ್ಕು 3, ಹೀಗೆ 12 ಕಾರ್ಡುಗಳ ಒಂದು ಕಟ್ಟು. ಅದನ್ನು ಕಲೆಸಿ ಒಂದೊಂದಾಗಿ ಬಿಡುತ್ತದೆ. ಮುಗಿದ ಮೇಲೆ ಹೊಸ ಕಟ್ಟು.

ಲೆಕ್ಕ ಹಾಕಿ ನೋಡಿ. ಕವಡೆಯಂತೆ ಪ್ರತಿ ಸಲವೂ ಮೂರರಲ್ಲಿ ಒಂದು ಸಾಧ್ಯತೆ ಇದ್ದಿದ್ದರೆ, ಸಾಲಾಗಿ ಎಂಟು 1 ಬರುವ ಸಂಭವ 6561ರಲ್ಲಿ ಒಂದು. ಕಟ್ಟಿನ ಪದ್ಧತಿಯಲ್ಲಿ ಎಂಟು ಬರಬೇಕಾದರೆ ಒಂದು ಕಟ್ಟಿನ ಕೊನೆಯ ನಾಲ್ಕೂ 1 ಆಗಿರಬೇಕು, ಮುಂದಿನ ಕಟ್ಟಿನ ಮೊದಲ ನಾಲ್ಕೂ 1 ಆಗಿರಬೇಕು. ಒಂದೊಂದರ ಸಂಭವ 495ರಲ್ಲಿ ಒಂದು. ಎರಡೂ ಒಟ್ಟಿಗೆ ಆಗುವುದು 2,45,025ರಲ್ಲಿ ಒಂದು ಸಲ. ಒಂಬತ್ತು ಬರುವುದಂತೂ ಸಾಧ್ಯವೇ ಇಲ್ಲ. ಅಂದರೆ ಅದೃಷ್ಟ ಇದೆ, ಆದರೆ ಅದರ ಹಗ್ಗ ಗಿಡ್ಡ. ಈಗಿನ ಟೆಟ್ರಿಸ್ ಕೂಡ ಏಳು ಆಕಾರಗಳನ್ನು ಇದೇ ರೀತಿ ಕಲೆಸಿ ಕೊಡುತ್ತದೆ.

ಮುಂದಿನ ಕಾರ್ಡ್ ಯಾವುದು ಎಂಬ ಸುಳಿವನ್ನೂ ಥ್ರೀಸ್ ಮೇಲೆ ತೋರಿಸುತ್ತದೆ. ಎಡಕ್ಕೆ ತಳ್ಳಿದರೆ ಹೊಸ ಕಾರ್ಡ್ ಬಲಗಡೆಯಿಂದಲೇ, ಸರಿದ ಸಾಲುಗಳಲ್ಲಿ ಒಂದಕ್ಕೆ ಬರುತ್ತದೆ. ಒಂದೇ ಸಾಲು ಸರಿಯುವಂತೆ ಮಾಡಿಕೊಂಡರೆ ಅದು ಎಲ್ಲಿ ಬಂದು ಕೂರುತ್ತದೆ ಎಂದು ನೀವು ಮೊದಲೇ ಹೇಳಬಹುದು. 2048ರಲ್ಲಿ ಹೊಸ ಬಿಲ್ಲೆ ಯಾವ ಖಾಲಿ ಮನೆಯಲ್ಲಾದರೂ ಏಳಬಹುದು. ಹತ್ತರಲ್ಲಿ ಒಂಬತ್ತು ಪಾಲು 2, ಒಂದು ಪಾಲು 4. ಹಲಗೆಯ ಮೊತ್ತ ಪ್ರತಿ ತಳ್ಳುವಿಕೆಗೆ ಸರಾಸರಿ 2.2 ಏರುತ್ತದೆ. ಹಾಗಾಗಿ 2048 ಮುಟ್ಟಲು ಸುಮಾರು 930 ಸಲ ತಳ್ಳಿದರೆ ಸಾಕು, ಹೆಚ್ಚೆಂದರೆ ಇನ್ನೊಂದಿಷ್ಟು.

ಈ ವ್ಯತ್ಯಾಸ ನನ್ನ ರುಚಿಯ ಮಾತಷ್ಟೇ ಅಲ್ಲ. ಕಂಪ್ಯೂಟರಿನಿಂದ ಆಡಿಸಿಯೂ ನೋಡಿದ್ದಾರೆ. ಮುಂದಿನ ಕೆಲವು ನಡೆಗಳನ್ನೂ ಬರಬಹುದಾದ ಬಿಲ್ಲೆಗಳನ್ನೂ ಎಣಿಸಿ ಆಡುವ ಒಂದು ಪ್ರೋಗ್ರಾಮ್ ತಾನು ಆಡಿದ 100 ಆಟಗಳಲ್ಲೂ 2048 ಮುಟ್ಟಿತು, 94ರಲ್ಲಿ 16384ರ ತನಕ ಹೋಯಿತು. ಥ್ರೀಸ್‌ನ ತುತ್ತತುದಿ ಅಂದರೆ ಎರಡು 6144 ಸೇರಿ ಆಗುವ 12288. ಒಬ್ಬ ಆಟಗಾರ ಅದನ್ನು ಮುಟ್ಟಿದ ಸುದ್ದಿ ಬಂದದ್ದು 2017ರಲ್ಲಿ, ಆಟ ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ.

2014ರ ಮಾರ್ಚ್‌ನಲ್ಲಿ ವೋಲ್ಮರ್ ಮತ್ತು ವೋಲ್ವೆಂಡ್ ಒಂದು ಉದ್ದನೆಯ ಪತ್ರ ಪ್ರಕಟಿಸಿದರು. 14 ತಿಂಗಳಲ್ಲಿ ತಮ್ಮಿಬ್ಬರ ನಡುವೆ ಓಡಾಡಿದ ಈಮೇಲ್‌ಗಳನ್ನೆಲ್ಲ ಅದರ ಜೊತೆ ಹಾಕಿದರು. ಅವರಿಗೆ ಹೆಚ್ಚು ನೋವು ಕೊಟ್ಟದ್ದು ದುಡ್ಡಿನ ವಿಷಯವಲ್ಲ. ಥ್ರೀಸ್ ಅನ್ನು ನೋಡಿದ ಜನ ಅದನ್ನೇ 2048ರ ನಕಲು ಎಂದು ಕರೆದದ್ದು. ವೋಲ್ವೆಂಡ್‌ಗೆ ಇದು ಎರಡನೇ ಪೆಟ್ಟು ಬೇರೆ. ಅವರು ಚಿತ್ರ ಬರೆದಿದ್ದ ರಿಡಿಕ್ಯುಲಸ್ ಫಿಶಿಂಗ್ ಇನ್ನೂ ತಯಾರಾಗುತ್ತಿದ್ದಾಗಲೇ, 2011ರಲ್ಲಿ, ಅದೇ ಐಡಿಯಾದ ನಿಂಜಾ ಫಿಶಿಂಗ್ ಅಂಗಡಿಗೆ ಬಂದುಬಿಟ್ಟಿತ್ತು. ವಿಚಿತ್ರ ನೋಡಿ, ಆ್ಯಪಲ್ ತನ್ನ ವರ್ಷದ ಐಫೋನ್ ಆಟ ಎಂದು 2013ರಲ್ಲಿ ಆರಿಸಿದ್ದು ರಿಡಿಕ್ಯುಲಸ್ ಫಿಶಿಂಗ್, 2014ರಲ್ಲಿ ಥ್ರೀಸ್.

ಕಾನೂನು ಇಲ್ಲಿ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಆಟದ ನಿಯಮಕ್ಕೆ ಕಾಪಿರೈಟ್ ಸಿಗುವುದಿಲ್ಲ. 2012ರಲ್ಲಿ ಅಮೆರಿಕದ ಕೋರ್ಟೊಂದು ಟೆಟ್ರಿಸ್ ಪರವಾಗಿ ತೀರ್ಪು ಕೊಟ್ಟಾಗಲೂ ಹಿಡಿದದ್ದು ನೋಟದ ನಕಲನ್ನು, ನಿಯಮದ ನಕಲನ್ನಲ್ಲ. ನನಗೆ ಇದು ಸರಿ ಅನಿಸುತ್ತದೆ. ನಿಯಮಕ್ಕೂ ಬೇಲಿ ಹಾಕಿದರೆ ಹೊಸ ಆಟವೇ ಹುಟ್ಟುವುದಿಲ್ಲ. ಚಿರುಲ್ಲಿಯನ್ನು ಕಳ್ಳ ಎನ್ನಲು ನನಗೆ ಮನಸ್ಸಿಲ್ಲ. ಆ ಹುಡುಗ 1024 ಮತ್ತು ಥ್ರೀಸ್ ಎರಡರ ಹೆಸರನ್ನೂ ತನ್ನ ಆಟದ ಕೆಳಗೇ ಬರೆದಿಟ್ಟಿದ್ದ. 2048 ಗೆದ್ದದ್ದು ಬಿಟ್ಟಿ ಎಂಬ ಕಾರಣಕ್ಕೆ, ಜೊತೆಗೆ ಸುಲಭ ಎಂಬ ಕಾರಣಕ್ಕೂ. ಮೊದಲ ಐದು ನಿಮಿಷದಲ್ಲಿ ಅದು ನಿಮಗೆ ನೀವು ಜಾಣರು ಎನ್ನುತ್ತದೆ. ಥ್ರೀಸ್ ಆ ಮಾತು ಹೇಳಲು ವಾರಗಳನ್ನು ತೆಗೆದುಕೊಳ್ಳುತ್ತದೆ.

ಆ ಐದು ನಿಮಿಷದಲ್ಲೇ ಬಹಳಷ್ಟು ಸ್ಟಾರ್‌ಗಳು ಬೀಳುವುದು. ಆ್ಯಪ್ ಅಂಗಡಿಯ ರೇಟಿಂಗ್ ಆಟದ ಅಳತೆ ಎಂದು ನಾವು ನಂಬುತ್ತೇವೆ. ಆದರೆ ಅದು ಯಾರು, ಯಾವ ಗಳಿಗೆಯಲ್ಲಿ ಬಾಯಿ ಬಿಟ್ಟರು ಎಂಬುದರ ಅಳತೆಯೂ ಹೌದು. ಆಡಿ ಪರವಾಗಿಲ್ಲ ಅಂದುಕೊಂಡವರು ಬರೆಯುವುದೇ ಇಲ್ಲ. ತುಂಬಾ ಇಷ್ಟಪಟ್ಟವರು ಮತ್ತು ಸಿಟ್ಟಿಗೆದ್ದವರು ಬರೆಯುತ್ತಾರೆ. ಅದಕ್ಕೇ ಇಂಥ ರೇಟಿಂಗ್‌ಗಳ ನಕ್ಷೆ ಬರೆದರೆ ಐದರ ಕಂಬ ಎತ್ತರ, ಒಂದರ ಕಂಬ ಒಂದು ಮಟ್ಟಕ್ಕೆ, ನಡುವೆ ಹಳ್ಳ. ಇಂಗ್ಲಿಷಿನ ಜೆ ಅಕ್ಷರದ ಆಕಾರ. ಆಟ ಮಾಡುವವರಿಗೂ ಇದು ಗೊತ್ತು. ನೀವು ಒಂದು ಹಂತ ಗೆದ್ದ ಕೂಡಲೇ ರೇಟ್ ಮಾಡಿ ಎಂಬ ಪೆಟ್ಟಿಗೆ ಏಳುವುದು ಸುಮ್ನೆ ಅಲ್ಲ. ಸೋತಾಗ ಯಾರೂ ಕೇಳುವುದಿಲ್ಲ! ಈ ಕಾಟ ಜಾಸ್ತಿಯಾಗಿ, 2017ರಿಂದ ಆ್ಯಪಲ್ ತನ್ನದೇ ಪೆಟ್ಟಿಗೆ ಕೊಟ್ಟು, ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಕೇಳದಂತೆ ಮಿತಿ ಹಾಕಿದೆ.

ಲಂಡನ್ನಿನ ಅಸ್ಟೂ ತಂಡದ ಮಾನ್ಯುಮೆಂಟ್ ವ್ಯಾಲಿ 2014ರಲ್ಲಿ ಎಲ್ಲರೂ ಹೊಗಳಿದ ಆಟ. ಅದೇ ನವೆಂಬರ್‌ನಲ್ಲಿ ತಂಡ ಇನ್ನಷ್ಟು ಹಂತಗಳನ್ನು ಮಾಡಿ, ಅವಕ್ಕೆ 1.99 ಡಾಲರ್ ಬೆಲೆ ಇಟ್ಟಿತು. ತಕ್ಷಣ ಒಂದು ಸ್ಟಾರ್‌ಗಳ ಮಳೆ. ಹೊಸ ಹಂತ ಕೆಟ್ಟದಾಗಿದೆ ಎಂದಲ್ಲ, ದುಡ್ಡು ಕೇಳಿದರು ಎಂದು. ಆ ಹಂತಗಳನ್ನು ಮಾಡಲು ತಂಡಕ್ಕೆ ತಗಲಿದ ಖರ್ಚು 5,49,000 ಡಾಲರ್ ಎಂದು ಆಮೇಲೆ ಅವರೇ ಲೆಕ್ಕ ಬಿಡುಗಡೆ ಮಾಡಿದರು. ಇದರ ಉಲ್ಟಾ ಉದಾಹರಣೆ ವಿಯೆಟ್ನಾಮಿನ ಡಾಂಗ್ ನುಯೆನ್ ಮಾಡಿದ ಫ್ಲಾಪಿ ಬರ್ಡ್. ಈ ಆಟ ನನ್ನ ಬದುಕು ಹಾಳು ಮಾಡಿತು, ದಯವಿಟ್ಟು ಹಾಕಿಕೊಳ್ಳಬೇಡಿ ಎಂದು ಗೋಳು ಬರೆದು ಐದು ಸ್ಟಾರ್ ಕೊಟ್ಟವರು ಎಷ್ಟೋ ಜನ. ಥ್ರೀಸ್ ಬಂದ ನಾಲ್ಕು ದಿನಕ್ಕೆ ನುಯೆನ್ ಆ ಆಟವನ್ನೇ ಅಂಗಡಿಯಿಂದ ತೆಗೆದುಬಿಟ್ಟರು.

ದೊಡ್ಡ ಕಂಪನಿಗೆ ಇದೆಲ್ಲ ಸೊಳ್ಳೆ ಕಡಿತ. ಒಬ್ಬರೋ ಇಬ್ಬರೋ ಮಾಡಿದ ಆಟಕ್ಕೆ ಹಾಗಲ್ಲ. ಒಂದು ಚಿಕ್ಕ ಆಟಕ್ಕೆ 20 ರೇಟಿಂಗ್ ಇವೆ, ಸರಾಸರಿ 4.5 ಎಂದುಕೊಳ್ಳಿ. ಒಟ್ಟು 90 ಸ್ಟಾರ್. ಯಾರೋ ಒಬ್ಬರು, ಫೋನಿನಲ್ಲಿ ಜಾಗ ಇಲ್ಲದೆ ಆಟ ಇಳಿಯಲಿಲ್ಲ ಎಂಬ ಸಿಟ್ಟಿಗೆ ಒಂದು ಸ್ಟಾರ್ ಕೊಟ್ಟರು. ಈಗ 21ಕ್ಕೆ 91, ಸರಾಸರಿ 4.33. ಮತ್ತೆ 4.5ಕ್ಕೆ ಏರಲು ಎಷ್ಟು ಜನ ಐದು ಸ್ಟಾರ್ ಕೊಡಬೇಕು? ಏಳು ಜನ. ಆ ಒಂದು ಸ್ಟಾರ್ ಸರಾಸರಿಗಿಂತ 3.5 ಕೆಳಗೆ, ಪ್ರತಿ ಐದು ಸ್ಟಾರ್ ಅರ್ಧ ಮಾತ್ರ ಮೇಲೆ. ಅರ್ಧರ್ಧ ಸೇರಿಸಿ ಮೂರೂವರೆ ತುಂಬಲು ಏಳು ಬೇಕೇ ಬೇಕು. ಆಟಕ್ಕೆ ಒಂದು ಲಕ್ಷ ರೇಟಿಂಗ್ ಇದ್ದರೂ ಈ ಏಳರ ಲೆಕ್ಕ ಅಷ್ಟೇ. ಆದರೆ ಅಲ್ಲಿ ಒಂದು ಸ್ಟಾರ್‌ನಿಂದ ಸರಾಸರಿ ಅಲುಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗೂಗಲ್ 2019ರಲ್ಲಿ ಪ್ಲೇ ಸ್ಟೋರಿನ ಲೆಕ್ಕ ಬದಲಿಸಿ, ಹಳೇ ರೇಟಿಂಗ್‌ಗಿಂತ ಇತ್ತೀಚಿನದ್ದಕ್ಕೆ ಜಾಸ್ತಿ ತೂಕ ಕೊಟ್ಟಿತು. ಮೊದಲು ಕೆಟ್ಟದಾಗಿದ್ದು ಆಮೇಲೆ ತಿದ್ದಿಕೊಂಡ ಆಟಗಳಿಗೆ ಇದರಿಂದ ಉಸಿರಾಡಲು ಆಯಿತು. ಈಗ ಆಟ ಹುಡುಕುವಾಗ ನಾನು ಸರಾಸರಿಯನ್ನು ನೋಡಿ ಮುಂದೆ ಹೋಗಿಬಿಡುತ್ತೇನೆ. ಓದುವುದು ಮೂರು ಸ್ಟಾರ್‌ನವರ ಬರಹ. ಅವರಿಗೆ ಸಿಟ್ಟೂ ಇರುವುದಿಲ್ಲ, ಮೋಹವೂ ಇರುವುದಿಲ್ಲ. 40ನೇ ಹಂತದಿಂದ ಮುಂದೆ ಅದೇ ಅದೇ, ಜಾಹೀರಾತು ಎರಡು ಆಟಕ್ಕೊಮ್ಮೆ, ಹಳೇ ಫೋನಿನಲ್ಲಿ ಬಿಸಿಯಾಗುತ್ತದೆ ಎಂದು ನೇರವಾಗಿ ಬರೆದಿರುತ್ತಾರೆ. ಜೊತೆಗೆ ಕೆಳಗೆ ಆಟ ಮಾಡಿದವರ ಉತ್ತರ ಇದೆಯಾ, ಯಾವ ತಾರೀಖಿನದು ಎಂದೂ ನೋಡುತ್ತೇನೆ. ದೂರು ಬಂದು ಹತ್ತು ದಿನದೊಳಗೆ ಉತ್ತರವೂ ಹೊಸ ಆವೃತ್ತಿಯೂ ಬಂದಿದ್ದರೆ, ಸರಾಸರಿ 3.8 ಇದ್ದರೂ ಇಳಿಸಿಕೊಳ್ಳುತ್ತೇನೆ.