ಕುರ್ಚಿಗೂ ಬಿಲ್ಲು ಹಾಕುವ ಊರಿನಲ್ಲಿ ಊಟ

ವೆನಿಸ್‌ನಲ್ಲಿ ಊಟಕ್ಕೆ ಕೂರುವ ಮೊದಲು ಕುರ್ಚಿಗೆ ಎಷ್ಟೆಂದು ನೋಡಿಕೊಳ್ಳಿ ಎಂದು ನಮ್ಮ ತಂಡದವರಿಗೆ ಬಸ್ಸಿನಲ್ಲೇ ಹೇಳಿರುತ್ತೇನೆ. ಎಲ್ಲರೂ ನಗುತ್ತಾರೆ. ರಾತ್ರಿ ಬಿಲ್ಲು ಬಂದಾಗ ಪಾಸ್ತಾಕ್ಕಿಂತ ಮೇಲೆ ‘ಕೊಪೆರ್ತೊ’ ಎಂಬ ಸಾಲು, ಅದರ ಮುಂದೆ ತಲೆಗೆ ಮೂರು ಯೂರೋ. “ಇದನ್ನು ನಾವು ತಿನ್ನಲೇ ಇಲ್ಲವಲ್ಲ” ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ತಿಂದಿಲ್ಲ, ಕೂತಿದ್ದೀರಿ.

ಕೊಪೆರ್ತೊ ಎಂದರೆ ಮೇಜಿಗೆ ಹಾಸಿದ ಬಟ್ಟೆ, ಚಾಕು, ಮುಳ್ಳುಚಮಚ, ನೀವು ಕೇಳದೆಯೇ ತಂದಿಟ್ಟ ಬ್ರೆಡ್ಡಿನ ಬುಟ್ಟಿ, ಇಷ್ಟಕ್ಕೂ ಸೇರಿಸಿ ಹಿಡಿಯುವ ದುಡ್ಡು. ರೋಮ್ ಇರುವ ಲಾಟ್ಸಿಯೊ ಪ್ರಾಂತ್ಯ 2006ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿತು. ವೆನಿಸ್ ಸೇರಿರುವ ವೆನೆತೊ ಪ್ರಾಂತ್ಯದಲ್ಲಿ ಅಂಥ ನಿಷೇಧವಿಲ್ಲ. ದರಪಟ್ಟಿಯಲ್ಲಿ ಬರೆದಿದ್ದರೆ ಕೊಡಲೇಬೇಕು. ಸಾಮಾನ್ಯವಾಗಿ ಎರಡರಿಂದ ಐದು ಯೂರೋ. ಇದರ ಜೊತೆಗೆ ‘ಸೆರ್ವಿಟ್ಸಿಯೊ 12%’, ಅಂದರೆ ಬಡಿಸಿದ್ದಕ್ಕೆ ಸೇವಾ ಶುಲ್ಕ, ಎಂದು ಇನ್ನೊಂದು ಸಾಲನ್ನೂ ದರಪಟ್ಟಿಯ ಕೊನೆಯ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ಹೋಟೆಲುಗಳಿವೆ. ಹಾಗಾಗಿ ಆ ಊರಿನಲ್ಲಿ ದರಪಟ್ಟಿಯನ್ನು ನಾನು ಉರ್ದು ಪುಸ್ತಕದಂತೆ ಹಿಂದಿನಿಂದ ಓದುತ್ತೇನೆ.

ಕನ್ನಡಿಗರ ತಂಡಗಳನ್ನು ಯುರೋಪಿಗೆ ಕರೆದುಕೊಂಡು ಹೋಗುವುದು ಹದಿನೈದು ವರ್ಷಗಳಿಂದ ನನ್ನ ಕಸುಬು. ಪ್ಯಾರಿಸ್, ಜ್ಯೂರಿಕ್‌ಗಳೂ ದುಬಾರಿಯೇ. ಆದರೆ ಅಲ್ಲಿ ದುಬಾರಿತನ ಎಲ್ಲ ಕಡೆ ಸಮನಾಗಿ ಹರಡಿರುತ್ತದೆ. ವೆನಿಸ್‌ನಲ್ಲಿ ಒಂದೇ ಕಾಫಿ ಒಂದೇ ಅಂಗಡಿಯಲ್ಲಿ ಗಲ್ಲಾದ ಎದುರು ನಿಂತು ಕುಡಿದರೆ ಒಂದೂವರೆ ಯೂರೋ, ಹೊರಗಿನ ಮೇಜಿನಲ್ಲಿ ಕುಡಿದರೆ ಅದರ ಮೂರು ಪಟ್ಟು. ನಮಗೆ ಇದು ಹೊಸದಾಗಬಾರದು. ಬೆಂಗಳೂರಿನಲ್ಲಿ ಕೆಳಗಡೆ ಸೆಲ್ಫ್ ಸರ್ವಿಸ್‌ನಲ್ಲಿ ನಿಂತು ತಿನ್ನುವ ಮಸಾಲೆ ದೋಸೆಗೆ ಒಂದು ದರ, ಮಹಡಿಯ ಎಸಿ ಹಾಲಿನಲ್ಲಿ ಅದೇ ಹಂಚಿನ ಅದೇ ದೋಸೆಗೆ ಇನ್ನೊಂದು ದರ ಕೊಟ್ಟು ಬೆಳೆದವರು ನಾವು. ಆದರೂ ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಈ ಬುದ್ಧಿ ಮರೆತುಹೋಗಿರುತ್ತದೆ.

ಸಾನ್ ಮಾರ್ಕೊ ಚೌಕದ ಫ್ಲೋರಿಯಾನ್ ಕಾಫಿ ಮನೆಯದ್ದು ಈ ಲೆಕ್ಕದ ತುತ್ತತುದಿ. 1720ರಲ್ಲಿ ಆರಂಭವಾದದ್ದು. ಹೊರಗೆ ವಾದ್ಯವೃಂದ ನುಡಿಸುತ್ತಿರುವಾಗ ಕೂತರೆ ಕಾಫಿಯ ಬೆಲೆಯ ಮೇಲೆ ಸಂಗೀತದ ಶುಲ್ಕವೂ ಬೀಳುತ್ತದೆ. ಇದನ್ನು ಮೋಸ ಎಂದು ಬೈದವರಿದ್ದಾರೆ. ನಾನು ಬೈಯುವುದಿಲ್ಲ. ದರಪಟ್ಟಿಯಲ್ಲಿ ಬರೆದಿದ್ದಾರೆ, ನೀವು ಕೊಳ್ಳುತ್ತಿರುವುದು ಕಾಫಿಯನ್ನಲ್ಲ, ಚೌಕದ ಒಂದು ಮೂಲೆಯನ್ನು ಮುಕ್ಕಾಲು ಗಂಟೆಯ ಮಟ್ಟಿಗೆ. ಬೇಕಿದ್ದವರು ಒಮ್ಮೆ ಕೊಳ್ಳಲಿ. ಮೋಸ ಬೇರೆ ಕಡೆ ಇದೆ.

2018ರಲ್ಲಿ ಅದೇ ಚೌಕದ ಹತ್ತಿರದ ಒಂದು ಹೋಟೆಲಿನಲ್ಲಿ ನಾಲ್ವರು ಜಪಾನಿ ವಿದ್ಯಾರ್ಥಿಗಳು ಸ್ಟೇಕ್, ಒಂದು ತಟ್ಟೆ ಹುರಿದ ಮೀನು ತಿಂದು ನೀರು ಕುಡಿದಿದ್ದಕ್ಕೆ 1,100 ಯೂರೋಗೂ ಹೆಚ್ಚು ಬಿಲ್ಲು ಬಂದು, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಹಾಗೆ ಮಾಡುವ ಧೈರ್ಯ ಒಬ್ಬ ಹೋಟೆಲಿನವನಿಗೆ ಎಲ್ಲಿಂದ ಬರುತ್ತದೆ? ಆ ಹುಡುಗರು ಮತ್ತೆ ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಹಳೆಯ ವೆನಿಸ್‌ನ ದ್ವೀಪಗಳಲ್ಲಿ ಈಗ ವಾಸವಾಗಿರುವವರು ಐವತ್ತು ಸಾವಿರಕ್ಕಿಂತ ಕಡಿಮೆ. ಬಂದು ಹೋಗುವವರು ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಕೆಲವು ದಿನಗಳಲ್ಲಿ ಐದು ಯೂರೋ ಪ್ರವೇಶ ಶುಲ್ಕ ವಸೂಲಿ ಮಾಡಲು ನಗರಸಭೆಯೇ 2024ರ ಏಪ್ರಿಲ್ 25ರಿಂದ ಶುರು ಮಾಡಿತು. ಒಮ್ಮೆ ಮಾತ್ರ ಬರುವ ಗಿರಾಕಿಯನ್ನು ನಂಬಿದ ಅಡುಗೆಮನೆಗೆ ರುಚಿಯ ಹಂಗಿಲ್ಲ. ನಾಳೆಯೂ ಬರುವ ಗಿರಾಕಿಯನ್ನು ನಂಬಿದ ಅಡುಗೆಮನೆಗೆ ಇದೆ. ಒಳ್ಳೆಯ ಹೋಟೆಲು ಹುಡುಕುವುದೆಂದರೆ ಈ ಎರಡನೆಯದನ್ನು ಗುರುತಿಸುವುದು, ಅಷ್ಟೇ.

ಎಲ್ಲ ದುಬಾರಿಯೂ ದುರಾಸೆಯಲ್ಲ ಎಂಬುದನ್ನೂ ಹೇಳಬೇಕು. ಆ ಊರಿಗೆ ಟೊಮೇಟೊ ಬರುವುದು ದೋಣಿಯಲ್ಲಿ. ದೋಣಿಯಿಂದ ಇಳಿಸಿ, ಕೈಗಾಡಿಗೆ ಹೇರಿ, ಮೆಟ್ಟಿಲು ಮೆಟ್ಟಿಲಾಗಿರುವ ಸೇತುವೆಗಳನ್ನು ಹತ್ತಿಸಿ ಇಳಿಸಿ ಅಂಗಡಿಗೆ ಮುಟ್ಟಿಸುತ್ತಾರೆ. ಹೋಟೆಲಿನ ಕಸ ಹೊರಗೆ ಹೋಗುವುದೂ ದೋಣಿಯಲ್ಲೇ. ಬೆಳಿಗ್ಗೆ ಏಳು ಗಂಟೆಗೆ ಒಬ್ಬ ಆಳು ನೀರಿನ ಬಾಟಲಿಗಳ ಗಾಡಿಯನ್ನು ಸೇತುವೆಯ ಮೇಲೆ ಹಿಮ್ಮುಖವಾಗಿ ಎಳೆಯುವುದನ್ನು ಒಮ್ಮೆ ನೋಡಿದವರು ನೀರಿಗೆ ನಾಲ್ಕು ಯೂರೋ ಏಕೆ ಎಂದು ಅಷ್ಟು ಜೋರಾಗಿ ಕೇಳುವುದಿಲ್ಲ. ಆದರೆ ಆ ನೀರನ್ನು ಕೊಳ್ಳಲೇಬೇಕೆಂದಿಲ್ಲ. ಊರಿನ ತುಂಬ ನೂರಕ್ಕೂ ಹೆಚ್ಚು ಸಾರ್ವಜನಿಕ ನಲ್ಲಿಗಳಿವೆ, ಕುಡಿಯುವ ನೀರು, ತಣ್ಣಗೆ, ಪುಕ್ಕಟೆ.

ಇನ್ನು ಗುರುತಿಸುವುದು ಹೇಗೆ. ವೆನಿಸ್‌ನ ಗೋಡೆಗಳ ಮೇಲೆ ‘ರಿಯಾಲ್ಟೊ ಕಡೆಗೆ’, ‘ಸಾನ್ ಮಾರ್ಕೊ ಕಡೆಗೆ’ ಎಂಬ ಹಳದಿ ಫಲಕಗಳಿವೆ. ಪ್ರವಾಸಿಗರ ಹೊಳೆ ಹರಿಯುವುದು ಆ ಫಲಕಗಳ ಗುಂಟ. ಹಸಿವಾದಾಗ ಅಲ್ಲಿಂದ ಯಾವ ಕಡೆಗಾದರೂ ತಿರುಗಿ ಎರಡು ಸೇತುವೆ ದಾಟಿ. ದಾರಿ ತಪ್ಪುತ್ತೀರಿ, ಪರವಾಗಿಲ್ಲ, ದ್ವೀಪವಲ್ಲವೇ, ಎಲ್ಲಿಗೂ ಹೋಗಿಬಿಡುವುದಿಲ್ಲ. ರೈಲು ನಿಲ್ದಾಣದಿಂದ ಹೊರಟ ಕೂಡಲೇ ಸಿಗುವ ಲಿಸ್ಟಾ ದಿ ಸ್ಪಾನ್ಯಾ ಬೀದಿಯಲ್ಲಿ ಆರು ಬಾವುಟ, ಆರು ಭಾಷೆ, ಬಿಸಿಲಿಗೆ ಬಣ್ಣ ಮಾಸಿದ ಪಿಜ್ಜಾ ಫೋಟೋಗಳ ಬೋರ್ಡು ಸಾಲಾಗಿ ನಿಂತಿರುತ್ತವೆ. ಕಸುಬಿಗೆ ಹೊಸಬನಾಗಿದ್ದಾಗ ಅಂಥದ್ದೇ ಒಂದು ಕಡೆ ‘ಪ್ರವಾಸಿ ಊಟ’ ಎಂಬ ಬೋರ್ಡು ನೋಡಿ ಇಪ್ಪತ್ತೆರಡು ಜನರನ್ನು ಕೂರಿಸಿದ್ದೆ. ಬಂದದ್ದು ಬೆಂದು ಮುದ್ದೆಯಾಗಿ ತಣ್ಣಗಾದ ಪಾಸ್ತಾ. ಶಿವಮೊಗ್ಗದ ಹಿರಿಯರೊಬ್ಬರು ಒಂದು ತುತ್ತು ತಿಂದು, ಏನೂ ಹೇಳದೆ, ಕೈಚೀಲದಿಂದ ಚಟ್ನಿಪುಡಿ ತೆಗೆದು ಮೇಜಿನುದ್ದಕ್ಕೂ ಹಂಚಿದರು. ಅಂದಿನ ಆ ಮೌನ ನನಗೆ ಈಗಲೂ ಪಾಠ.

ಅದೇ ನಿಲ್ದಾಣದಿಂದ ಹದಿನೈದು ನಿಮಿಷ ಉತ್ತರಕ್ಕೆ ನಡೆದರೆ, 1516ರಲ್ಲಿ ಯಹೂದಿಗಳನ್ನು ಕೂಡಿಹಾಕಲು ಗೊತ್ತು ಮಾಡಿದ ಹಳೆಯ ಘೆಟ್ಟೊ ದಾಟಿ, ಓರ್ಮೆಸೀನಿ, ಮಿಸೆರಿಕೋರ್ದಿಯಾ ಎಂಬ ಕಾಲುವೆ ದಂಡೆಗಳು ಸಿಗುತ್ತವೆ. ದಕ್ಷಿಣಕ್ಕೆ ವಿಶ್ವವಿದ್ಯಾಲಯದ ಹುಡುಗರು ತುಂಬಿರುವ ಸಾಂತಾ ಮಾರ್ಗೆರೀತಾ ಚೌಕ. ಪೂರ್ವದ ತುದಿಯಲ್ಲಿ, ಬಟ್ಟೆ ಒಣಹಾಕಿರುವ ಕಾಸ್ತೆಲ್ಲೊದಲ್ಲಿ, ಗಾರಿಬಾಲ್ದಿ ಬೀದಿ. ವಿದ್ಯಾರ್ಥಿಗಳು, ಮುದುಕರು, ದೋಣಿ ಕೆಲಸದವರು ತಿನ್ನುವ ಜಾಗಗಳು ಇವು. ಬಾಗಿಲಲ್ಲಿ ನಿಂತು ಯಾರೂ ನಿಮ್ಮನ್ನು ಕರೆಯುವುದಿಲ್ಲ. ಅದೇ ಮೊದಲ ಶುಭಸೂಚನೆ. ಗಡಿಯಾರ ಎರಡನೆಯದು. ನೆಟ್ಟಗಿನ ಅಡುಗೆಮನೆ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಒಲೆ ಆರಿಸಿ ಏಳಕ್ಕೆ ಮತ್ತೆ ಹೊತ್ತಿಸುತ್ತದೆ. ನಾಲ್ಕು ಗಂಟೆಗೂ ಬಿಸಿ ಊಟ ಇದೆ ಎಂದರೆ ಅದು ನಿಮಗಾಗಿ ಇದೆ, ಊರಿನವರಿಗಾಗಿ ಅಲ್ಲ. ಅಂತರ್ಜಾಲದ ನಕ್ಷತ್ರಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅವನ್ನು ಕೊಟ್ಟವರೂ ಒಮ್ಮೆ ಬಂದು ಹೋದವರೇ. ನೋಡುವುದಿದ್ದರೆ ಇಟಾಲಿಯನ್ ಭಾಷೆಯಲ್ಲಿ ಬರೆದ ಅನಿಸಿಕೆಗಳನ್ನು ಮೊಬೈಲಿನಲ್ಲಿ ಅನುವಾದಿಸಿಕೊಂಡು ನೋಡಿ.

ನಾಲ್ಕು ಗಂಟೆಗೆ ಹಸಿವಾಗುವುದು ನಮ್ಮ ಜನ್ಮಗುಣ. ಅದಕ್ಕೆ ವೆನಿಸ್‌ನಲ್ಲಿ ಬಾಕರೊ ಇದೆ. ಇದು ಆ ಊರಿನ ದರ್ಶಿನಿ ಎಂದರೆ ತಪ್ಪಾಗದು. ಕಿರಿದಾದ ಅಂಗಡಿ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ತಿಂಡಿ, ಕುರ್ಚಿ ಇಲ್ಲ ಅಥವಾ ಇದ್ದರೂ ನಾಲ್ಕೇ. ಆ ತಿಂಡಿಗೆ ಚಿಕೆತ್ತಿ ಎಂದು ಹೆಸರು. ಬೆರಳುದ್ದದ ಬ್ರೆಡ್ಡಿನ ತುಂಡಿನ ಮೇಲೆ ಏನಾದರೊಂದು. ಒಂದಕ್ಕೆ ಎರಡು ಯೂರೋ ಆಸುಪಾಸು. ನಾಲ್ಕೈದು ತಿಂದರೆ ಒಬ್ಬರ ಊಟವೇ ಆಯಿತು, ನಿಂತು ತಿಂದರೆ ಕೊಪೆರ್ತೊ ಇಲ್ಲ. ಜೊತೆಗೆ ಕುಡಿಯುವ ಪುಟ್ಟ ಲೋಟದ ವೈನಿಗೆ ‘ಓಂಬ್ರಾ’ ಎನ್ನುತ್ತಾರೆ, ನೆರಳು ಎಂದರ್ಥ. ಸಾನ್ ಮಾರ್ಕೊದ ಗಂಟೆಗೋಪುರದ ನೆರಳು ಸರಿದಂತೆ ವೈನಿನ ಗಾಡಿಯವರೂ ಸರಿಯುತ್ತಿದ್ದರಂತೆ, ಅದರಿಂದ ಬಂದ ಹೆಸರು ಎಂದು ಊರಿನವರು ಹೇಳುತ್ತಾರೆ. ವೈನು ಬೇಡದವರು ಕಿನೊತ್ತೊ ಕೇಳಲಿ, ಕಹಿ ಕಿತ್ತಳೆಯ ಪಾನಕ. ಮೊದಲ ಗುಟುಕಿಗೆ ಮುಖ ಸಿಂಡರಿಸಿದವರೇ ಮರುದಿನ ಹುಡುಕಿಕೊಂಡು ಹೋಗಿದ್ದಾರೆ. ಬಾಕರೊದಲ್ಲಿ ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳುವುದು ರೂಢಿಯಲ್ಲ. ಇಲ್ಲೆರಡು, ಮುಂದಿನ ಸೇತುವೆಯಾಚೆ ಎರಡು, ಹೀಗೆ ಸಾಗಬೇಕು. ರಾತ್ರಿ ಬೇಗ ಬಾಗಿಲು ಹಾಕುವವರೇ ಹೆಚ್ಚು, ಆದ್ದರಿಂದ ಸಂಜೆ ಆರಕ್ಕೇ ಹೊರಡಿ.

ಸಸ್ಯಾಹಾರಿಗಳ ವಿಷಯಕ್ಕೆ ಬಂದರೆ ಗಾಜಿನ ಪೆಟ್ಟಿಗೆ ಒಂದು ಪರೀಕ್ಷೆ. ಬೆಣ್ಣೆಯಂತೆ ಬೆಳ್ಳಗೆ ಕಾಣುವ ಮುದ್ದೆ ಚೀಸ್ ಅಲ್ಲ, ಎಣ್ಣೆ ಹಾಕಿ ಕಡೆದ ಒಣಮೀನು, ಬಕ್ಕಲಾ ಮಂತೆಕಾತೊ. ಬಿಗೊಲಿ ಇನ್ ಸಾಲ್ಸಾ ಎಂಬ ದಪ್ಪ ಶಾವಿಗೆಯ ಮೇಲೆ ಬರೀ ಈರುಳ್ಳಿ ಬಾಡಿಸಿ ಹಾಕಿದಂತೆ ಕಾಣುತ್ತದೆ, ಆದರೆ ಆ ಈರುಳ್ಳಿಯಲ್ಲಿ ಸಣ್ಣ ಮೀನು ಕರಗಿರುತ್ತದೆ. ಹಸಿ ಬಟಾಣಿಯ ಅನ್ನ, ರಿಸಿ ಎ ಬಿಸಿ, ನಮ್ಮ ಬಟಾಣಿ ಬಾತಿನ ಅಣ್ಣನಂತಿದ್ದರೂ ಅದರಲ್ಲಿ ಹಂದಿಮಾಂಸದ ಚೂರುಗಳು ರೂಢಿ. ‘ವೆಜಿಟೇರಿಯನ್’ ಎಂದರೆ ಸಾಲದು. ‘ಸೆಂಜಾ ಕಾರ್ನೆ, ಸೆಂಜಾ ಪೆಶೆ’ ಎಂದು ಮಾಂಸ, ಮೀನು ಎರಡನ್ನೂ ಬಿಡಿಸಿ ಹೇಳಿ, ಹಂದಿಯ ‘ಪ್ರೊಶುತ್ತೊ’ ಕೂಡ ಬೇಡ ಎಂದು ಸೇರಿಸಿ. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಜಠರದ ರೆನೆಟ್ ಬಳಸುವುದು ಅದರ ನಿಯಮದಲ್ಲೇ ಇದೆ, ಕಟ್ಟುನಿಟ್ಟಿನವರಿಗೆ ಇದನ್ನು ಮೊದಲೇ ತಿಳಿಸುವುದು ನನ್ನ ಕರ್ತವ್ಯ. ಅಂಥವರಿಗೆ ಪಿಜ್ಜಾ ಮರಿನಾರಾ ಸರಿ. ನಾವಿಕರ ಹೆಸರಿದ್ದರೂ ಅದರಲ್ಲಿ ಮೀನಿಲ್ಲ, ಚೀಸೂ ಇಲ್ಲ, ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ. ಪಿಜ್ಜಾಗಳಲ್ಲೇ ಅಗ್ಗ ಕೂಡ. ಇನ್ನೊಂದು ತಮಾಷೆ ಇದೆ. ದರಪಟ್ಟಿಯಲ್ಲಿ ‘ಪೆಪೆರೋನಿ’ ಕಂಡು ಮಾಂಸವೆಂದು ನಮ್ಮವರು ಹೌಹಾರುತ್ತಾರೆ. ಇಟಲಿಯಲ್ಲಿ ಆ ಪದಕ್ಕೆ ದೊಣ್ಣೆ ಮೆಣಸಿನಕಾಯಿ ಎಂದೇ ಅರ್ಥ.

ಗಾಜಿನ ಪೆಟ್ಟಿಗೆಯಲ್ಲಿ ಹಸಿರು-ಬೂದು ಬಣ್ಣದ ತಟ್ಟೆಯಂಥ ಒಂದು ತರಕಾರಿ ಕಾಣಿಸಿದರೆ ಬಿಡಬೇಡಿ. ಆರ್ಟಿಚೋಕ್ ಮೊಗ್ಗಿನ ಬುಡ ಅದು, ಬೆಳ್ಳುಳ್ಳಿ ಹಾಕಿ ಬೇಯಿಸಿದ್ದು. ಎದುರಿನ ಸಾಂತ್ ಎರಾಸ್ಮೊ ದ್ವೀಪದಲ್ಲಿ ವಸಂತದಲ್ಲಿ ಬಿಡುವ ಎಳೆ ಮೊಗ್ಗುಗಳಿಗಂತೂ ಊರಿನವರು ನಮ್ಮ ಅವರೆಕಾಯಿ ಸೊಗಡಿಗೆ ಕಾಯುವಂತೆ ಕಾಯುತ್ತಾರೆ.

ಮೀನು ತಿನ್ನುವವರಿಗೆ ಒಂದೇ ಎಚ್ಚರಿಕೆ, ಆದರೆ ದೊಡ್ಡದು. ದರಪಟ್ಟಿಯಲ್ಲಿ ಮೀನಿನ ಮುಂದೆ ‘7’ ಎಂದು ಬರೆದು ಪಕ್ಕದಲ್ಲಿ ‘ಎತ್ತೊ’ ಎಂದಿದ್ದರೆ ಅದು ನೂರು ಗ್ರಾಮಿನ ಬೆಲೆ. ನಮ್ಮ ತಂಡದ ಮಂಗಳೂರಿನ ದಂಪತಿ ಏಳು ಯೂರೋಗೆ ಇಡೀ ಮೀನು ಸಿಕ್ಕಿತೆಂದು ಹಿಗ್ಗಿ ಆರಿಸಿಕೊಂಡದ್ದು ಎಂಟುನೂರು ಗ್ರಾಮು ತೂಗಿತು. ಐವತ್ತಾರು ಯೂರೋ. ಬೇಯಿಸುವ ಮೊದಲು ತೂಕ ಹಾಕಿಸಿ ಬೆಲೆ ಕೇಳುವುದರಲ್ಲಿ ನಾಚಿಕೆ ಏನಿಲ್ಲ, ಮೀನು ಮಾರುಕಟ್ಟೆಯಲ್ಲಿ ನಾವು ಹಾಗೆಯೇ ಮಾಡುವುದಲ್ಲವೇ. ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಶೀತಲೀಕರಿಸಿದ ಸರಕು. ರಿಯಾಲ್ಟೊ ಮೀನು ಮಾರುಕಟ್ಟೆ ಭಾನುವಾರ, ಸೋಮವಾರ ಇರುವುದಿಲ್ಲ. ಸೋಮವಾರ ತಾಜಾ ಮೀನೆಂದು ಹೊಗಳುವ ಮಾಣಿಯ ಮಾತನ್ನು ಅದಕ್ಕೆ ತಕ್ಕಂತೆ ಕೇಳಿಸಿಕೊಳ್ಳಿ.

ಬ್ರೆಡ್ಡು, ಹಣ್ಣು ಕೊಂಡು ಎಲ್ಲಾದರೂ ಕೂತು ತಿನ್ನೋಣ ಎಂದರೆ, ಸಾನ್ ಮಾರ್ಕೊದ ಮೆಟ್ಟಿಲುಗಳಲ್ಲಿ, ಸೇತುವೆಗಳ ಮೇಲೆ ಕೂತು ತಿನ್ನುವುದಕ್ಕೆ ದಂಡವಿದೆ. ಕೊಳ್ಳುವುದಕ್ಕಂತೂ ಊರಿನ ಉತ್ತರ ಭಾಗದ ಕಾನ್ನರೆಜೊದಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಸೂಪರ್ ಮಾರ್ಕೆಟ್ ಮಾಡಿದ್ದಾರೆ, ತಲೆ ಎತ್ತಿದರೆ ಚಿತ್ತಾರದ ಛಾವಣಿ, ತಗ್ಗಿಸಿದರೆ ಮೊಸರಿನ ಡಬ್ಬಿ. ಬಜೆಟ್ ತೀರ ಬಿಗಿಯಾದವರು ಉದ್ದನೆಯ ರೈಲು ಸೇತುವೆಯಾಚೆ ದಡದ ಮೇಲಿರುವ ಮೆಸ್ತ್ರೆಯಲ್ಲಿ ಉಳಿದುಕೊಳ್ಳುತ್ತಾರೆ, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಅಲ್ಲಿ ನಿಲ್ದಾಣದ ಸುತ್ತಮುತ್ತ ಬಾಂಗ್ಲಾದೇಶದವರ ಅಂಗಡಿಗಳಿವೆ, ಹಸಿಮೆಣಸಿನಕಾಯಿ, ಬೇಳೆ, ಕೊತ್ತಂಬರಿ ಎಲ್ಲ ಸಿಗುತ್ತವೆ.

ವೆನಿಸ್‌ನ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುವುದರಿಂದ ಹಿಡಿದು ರಿಸೊಟ್ಟೊ ತಿರುವುವವರೆಗೆ ದುಡಿಯುವವರಲ್ಲೂ ಬಾಂಗ್ಲಾದವರು ಬಹಳ. ಕಳೆದ ಸಲ ಮಿಸೆರಿಕೋರ್ದಿಯಾ ದಂಡೆಯ ಒಂದು ಸಣ್ಣ ಹೋಟೆಲಿನಲ್ಲಿ ನಾವು ಆರು ಜನ ಕೂತಿದ್ದೆವು. ಖಾರವಿಲ್ಲದೆ ಐದು ದಿನ ಕಳೆದ ಹಾಸನದ ಅಜ್ಜಿಯೊಬ್ಬರು ದರಪಟ್ಟಿಯನ್ನು ಮುಟ್ಟಲೂ ಒಲ್ಲೆ ಎಂದರು. ಒಳಗಿನ ಕಿಂಡಿಯಿಂದ ಇಣುಕಿದ ಅಡುಗೆಯವನೊಡನೆ ನನ್ನ ಹರಕುಮುರುಕು ಹಿಂದಿಯಲ್ಲಿ ಮಾತಾಡಿದೆ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿಯ ಸ್ಪಗೆಟ್ಟಿ ದರಪಟ್ಟಿಯಲ್ಲಿರಲಿಲ್ಲ. ಹತ್ತು ನಿಮಿಷದಲ್ಲಿ ಕೆಂಪಗೆ, ಘಮಘಮಿಸುತ್ತ ಬಂತು. ಅಜ್ಜಿ ತಟ್ಟೆ ಬಳಿದು ಮುಗಿಸಿ, “ಒಗ್ಗರಣೆ ಶಾವಿಗೆ, ಸಾಸಿವೆ ಒಂದು ಮರೆತಿದ್ದಾನೆ” ಎಂದರು. ಬಿಲ್ಲಿನಲ್ಲಿ ಅದಕ್ಕೆ ಹಿಡಿದದ್ದು ಎಂಟು ಯೂರೋ. ಮೇಲಿನ ಸಾಲಿನಲ್ಲಿ ಆರು ಕುರ್ಚಿಗಳ ದುಡ್ಡು ಮಾತ್ರ ಎಂದಿನಂತೆ ಇತ್ತು.